ಮಾವನ ಸೊಂಟ ಮತ್ತು ಸರ್ಕಾರದ ಕಾರ್ಡು

ಕೆಲವರ ಮನೆಯಲ್ಲಿ ಹಾಲು ತರಲು ಹೋದರೆ ಹಾಲು ಬರುತ್ತದೆ. ನನ್ನ ಮಾವನ ಮನೆಯಲ್ಲಿ ಹಾಲು ತರಲು ಹೋದರೆ ಮೊದಲು ಒಂದು ಜಗಳ ಬರುತ್ತದೆ, ಆಮೇಲೆ ಒಂದು ರಾಜಿ ಬರುತ್ತದೆ, ಮಾರನೆಯ ದಿನ ಹಾಲು ಬರುತ್ತದೆ. ಇಂಥ ಮನೆಯವರು ಸರ್ಕಾರದ ಆರೋಗ್ಯ ವಿಮೆಯಲ್ಲಿ ಸೊಂಟದ ಆಪರೇಷನ್ ಮಾಡಿಸಲು ಹೊರಟರೆ ಏನೇನು ಆಗಬೇಕೋ ಅಷ್ಟೂ ಆಯಿತು. ಈಗ ಎಲ್ಲ ಮುಗಿದಿದೆ, ನಾನು ಕಾಲು ಚಾಚಿ ಕೂತು ನಗುತ್ತಿದ್ದೇನೆ. ಆಗ ಮಾತ್ರ ನಗು ಹತ್ತಿರ ಸುಳಿದಿರಲಿಲ್ಲ.

ನಾನು ಮಂಡ್ಯ, ಮದ್ದೂರು, ಮಳವಳ್ಳಿ ಮಾರ್ಗದ ಸರ್ಕಾರಿ ಬಸ್ಸಿನ ಕಂಡಕ್ಟರು. ಹೆಂಗಸರಿಗೆ ಟಿಕೆಟ್ ಫ್ರೀ ಆದಾಗಿನಿಂದ ‘ಆಧಾರ್ ತೋರಿಸಮ್ಮ, ಆಧಾರ್ ತೋರಿಸಮ್ಮ’ ಎಂದು ದಿನವಿಡೀ ಗಂಟಲು ಹರಿದುಕೊಳ್ಳುವುದೇ ನನ್ನ ಕೆಲಸ. ಫೋಟೊ ಸರಿಯಿಲ್ಲ, ವಿಳಾಸ ಸರಿಯಿಲ್ಲ ಎಂದು ಎಷ್ಟೋ ಜನರ ಮೇಲೆ ರೇಗಿದ್ದೇನೆ. ಅಂಥ ನನಗೇ ಮಾವನ ಆಧಾರ್ ಕಾರ್ಡು ನೀರು ಕುಡಿಸಿತು.

ನನ್ನ ಮಾವ ಬಂಡೂರಿನ ಪಕ್ಕದ ಹಳ್ಳಿಯವನು. ಬಂಡೂರು ಕುರಿ ಸಾಕುತ್ತಾನೆ. ಕುಳ್ಳಗೆ, ತುಂಬಿಕೊಂಡಿರುವ ಆ ಕುರಿಗಳ ಹಿಂದೆ ನಡೆಯುವುದೇ ಅವನ ಜೀವನ. ಮಳೆಯಿರಲಿ, ಬಿಸಿಲಿರಲಿ, ಬೆಳಿಗ್ಗೆ ಎದ್ದು ಕೋಲು ಹಿಡಿದು ಹೊರಟನೆಂದರೆ ಆಯಿತು. ಅಂಥವನ ಸೊಂಟದ ಕೀಲು ಸವೆದು ಹೋಯಿತು. ಮೊದಲು ಕುಂಟಿದ, ಆಮೇಲೆ ಕುಂತ. ಕುರಿಗಳು ಕೊಟ್ಟಿಗೆಯಲ್ಲೇ ಉಳಿದವು, ಅತ್ತೆ ಹೊತ್ತು ಹೊತ್ತಿಗೂ ಸೊಪ್ಪು ಕೊಯ್ದು ತಂದು ಹಾಕಿ ಸೊರಗಿದಳು. ಮಳವಳ್ಳಿಯ ಕುರಿ ವ್ಯಾಪಾರಿಯೊಬ್ಬ ಮಾವನ ಆರೋಗ್ಯ ವಿಚಾರಿಸುವ ನೆಪದಲ್ಲಿ ಬಂದು ಬಂದು ಕುರಿಗಳ ಬೆನ್ನು ಅಮುಕಿ ನೋಡತೊಡಗಿದ.

“ಕಾಲಿಲ್ದೋನ್ಗೆ ಕುರಿ ಯಾಕೆ, ಮಾರ್ಬುಡ್ತೀನಿ” ಅಂದ ಮಾವ. ಹೇಳುವಾಗ ಗೋಡೆ ಕಡೆ ತಿರುಗಿಕೊಂಡಿದ್ದ. 

ಮಳವಳ್ಳಿಯ ಡಾಕ್ಟರು ನೋಡಿ ಹೇಳಿದರು: “ಕೀಲು ಬದಲಾಯಿಸಿದರೆ ಮೊದಲಿನ ಹಾಗೆ ನಡೀತಾರೆ. ಸರ್ಕಾರದ ಆರೋಗ್ಯ ಕಾರ್ಡು ಇದ್ದರೆ ಆಪರೇಷನ್ ಖರ್ಚು ಅವರೇ ಕೊಡ್ತಾರೆ. ಮುಂಚೆಯೇ ಒಪ್ಪಿಗೆ ಬರಬೇಕು ಅಷ್ಟೆ. ಸ್ಕ್ಯಾನಿಂಗಿಗೆ ನೀವು ಕೈಯಿಂದ ಕಟ್ಟಿದ್ದೂ ಬಿಲ್ಲು ಕೊಟ್ಟರೆ ವಾಪಸ್ ಬರುತ್ತೆ.”

ಮಾವ ಅನುಮಾನದಿಂದ ಕೇಳಿದ: “ಸರ್ಕಾರದೋರು ನನ್ ಸೊಂಟಕ್ಕೆ ಯಾಕೆ ಕೊಟ್ಟಾರು ಬುದ್ದಿ? ಅವ್ರಿಗೂ ನಮ್ಗೂ ಏನ್ ನೆಂಟಸ್ತಿಕೆ?”

ನೆಂಟಸ್ತಿಕೆ ಶುರುವಾದದ್ದೇ ಅಲ್ಲಿಂದ.

ಹ ಹಾಕಿ ಹೇಳಿ

ಆರೋಗ್ಯ ಕಾರ್ಡು ಮಾಡಿಸಲು ಮಳವಳ್ಳಿ ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಕಂಪ್ಯೂಟರ್ ಅಂಗಡಿಗೆ ಮಾವನನ್ನು ಆಟೋದಲ್ಲಿ ಕೂರಿಸಿಕೊಂಡು ಹೋದೆ. ಕಂಪ್ಯೂಟರಿನವನು ಕನ್ನಡಕ ಹಾಕಿದ ಗಂಭೀರ ಮನುಷ್ಯ. ಮಾತೆಲ್ಲ ಪುಸ್ತಕದ ಕನ್ನಡ. ರೇಷನ್ ಕಾರ್ಡು ಈ ಕೈಯಲ್ಲಿ, ಆಧಾರ್ ಕಾರ್ಡು ಆ ಕೈಯಲ್ಲಿ ಹಿಡಿದು, ಎರಡನ್ನೂ ದೂರ ಹಿಡಿದು, ಹತ್ತಿರ ಹಿಡಿದು, ಕೊನೆಗೆ ತಲೆಯಾಡಿಸಿದ.

“ಇದು ಆಗುವುದಿಲ್ಲ. ರೇಷನ್ ಕಾರ್ಡಿನಲ್ಲಿ ಹೊಂಬೇಗೌಡ ಎಂದಿದೆ. ಆಧಾರಿನಲ್ಲಿ ಒಂಬೇಗೌಡ ಎಂದಿದೆ.”

“ಎಲ್ಡೂ ಒಂದೇಯ” ಅಂದ ಮಾವ.

“ಒಂದೇ ಹೇಗೆ ಆಗುತ್ತದೆ? ಒಂದರಲ್ಲಿ ಹ ಇದೆ, ಇನ್ನೊಂದರಲ್ಲಿ ಇಲ್ಲ.”

“ಯಾವ ಅ?”

“ಅ ಅಲ್ಲ, ಹ.”

“ಅದೇ ಕಣಪ್ಪ, ಅ.”

ನನಗೆ ವಿಷಯ ಅರ್ಥವಾಯಿತು. ಆಧಾರ್ ಮಾಡಿಸುವ ದಿನ ಅಲ್ಲಿದ್ದವನು ‘ಹೆಸರೇನು’ ಎಂದು ಕೇಳಿದ್ದಾನೆ, ಮಾವ ‘ಒಂಬೇಗೌಡ’ ಅಂದಿದ್ದಾನೆ, ಅವನು ಕೇಳಿದ್ದನ್ನು ಕೇಳಿದ ಹಾಗೇ ಬರೆದಿದ್ದಾನೆ. ಅವನದೂ ತಪ್ಪಲ್ಲ. ನಮ್ಮ ಕಡೆ ಮಾತಿನಿಂದ ಹ ಕಾಣೆಯಾಗಿ ಎಷ್ಟು ತಲೆಮಾರಾಯಿತೋ ಯಾರಿಗೂ ಗೊತ್ತಿಲ್ಲ. ಯಾರೂ ಹುಡುಕಲೂ ಹೋಗಿಲ್ಲ.

ಕಂಪ್ಯೂಟರಿನವನು ಬಿಡಲಿಲ್ಲ. “ನೋಡಿ ಯಜಮಾನರೇ, ಸರಿಯಾದ ಹೆಸರು ಯಾವುದು ಎಂದು ನಿಮ್ಮ ಬಾಯಿಂದಲೇ ಬರಬೇಕು. ಹ ಹಾಕಿ ಹೇಳಿ.”

ಮಾವ ಗಂಟಲು ಸರಿ ಮಾಡಿಕೊಂಡ. ಎದೆ ತುಂಬ ಉಸಿರು ಎಳೆದುಕೊಂಡ. “ಒಂಬೇಗೌಡ!”

“ಹ ಹಾಕಿ.”

“ಆಕೇ ಏಳ್ತಾವ್ನಿ ಕಣಪ್ಪ! ಒಂಬೇಗೌಡ! ಇನ್ನೆಂಗೆ ಆಕ್ಲಿ?”

ಕಂಪ್ಯೂಟರಿನವನು ಪಾಠ ಶುರು ಮಾಡಿದ. ಹ ಎಂಬುದು ಎದೆಯಿಂದ ಬರಬೇಕು, ಉಸಿರು ಹೊರಗೆ ಬಿಡಬೇಕು, ಒಂದು ಅಕ್ಷರ ಬಿಟ್ಟರೆ ಮನುಷ್ಯನೇ ಬೇರೆಯಾಗುತ್ತಾನೆ, ಸರ್ಕಾರಕ್ಕೆ ಹೊಂಬೇಗೌಡ ಬೇರೆ, ಒಂಬೇಗೌಡ ಬೇರೆ. ಮಾವ ಬಾಯಿ ತೆರೆದುಕೊಂಡು ಕೇಳಿದ. ಕೊನೆಗೆ ನಾನೇ ಕೈಮುಗಿದು, “ಹ ಇರೋದೇ ಸರಿ ಸಾರ್, ಆಧಾರನ್ನ ತಿದ್ದೋಕೆ ಅರ್ಜಿ ಹಾಕಿ” ಎಂದೆ. ಅವನು ಸಮಾಧಾನದಿಂದ ಒಂದೊಂದೇ ಅಕ್ಷರ ಟೈಪ್ ಮಾಡಿದ. ಎಲ್ಲ ತುಂಬಿ, ಕೊನೆಯ ಗುಂಡಿ ಒತ್ತಬೇಕು, ಅಷ್ಟರಲ್ಲಿ ನೆಟ್‌ವರ್ಕ್ ಕೈಕೊಟ್ಟಿತು. ತುಂಬಿದ್ದೆಲ್ಲ ಅಳಿಸಿಹೋಯಿತು.

ಪುಸ್ತಕದ ಕನ್ನಡದ ಮನುಷ್ಯ ಟೇಬಲ್ ಗುದ್ದಿ ಎದ್ದು ನಿಂತ. “ಓಯ್ತಲ್ಲಪ್ಪ! ಎಲ್ಲಾ ಓಯ್ತು! ಇದ್ರ ಮನೆ ಆಳಾಗೋಗ!”

ಮಾವ ಶಾಂತವಾಗಿ ಅವನ ಮುಖ ನೋಡಿದ. “ಅ ಆಕಿ ಬಯ್ಯಪ್ಪ” ಅಂದ.

ಸ್ಕ್ಯಾನಿಂಗ್ ಉಡುದಾರ

ಅಂತೂ ಹ ಬಂತು, ಕಾರ್ಡೂ ಬಂತು. ಮುಂದಿನದು ಸ್ಕ್ಯಾನಿಂಗ್. ಮದ್ದೂರಿನ ಒಂದು ಸ್ಕ್ಯಾನಿಂಗ್ ಸೆಂಟರಿಗೆ ಮಾವ, ಅತ್ತೆ, ನಾನು ಹೋದೆವು. ಸ್ಕ್ಯಾನ್ ಮಾಡುವ ಹುಡುಗಿ ಬಂದು, ಮೈಮೇಲಿರುವ ಲೋಹದ ವಸ್ತು ಎಲ್ಲ ತೆಗೆದಿಡಿ, ಒಳಗೆ ದೊಡ್ಡ ಅಯಸ್ಕಾಂತ ಇದೆ ಅಂದಳು. ಮಾವ ವಾಚು ಬಿಚ್ಚಿದ, ಉಂಗುರ ಬಿಚ್ಚಿದ, ಜೇಬಿನಿಂದ ಸುಣ್ಣದ ಡಬ್ಬಿ ತೆಗೆದ, ಎಲೆ ಕತ್ತರಿಸುವ ಸಣ್ಣ ಚಾಕು ತೆಗೆದ, ಯಾವುದೋ ಕುರಿಯ ಕೊರಳಿನ ಗಂಟೆಯನ್ನೂ ತೆಗೆದ. ಹುಡುಗಿ ಎಲ್ಲವನ್ನೂ ಒಂದು ತಟ್ಟೆಯಲ್ಲಿ ಜೋಡಿಸಿಟ್ಟು, “ಇನ್ನೇನಾದರೂ ಇದೆಯಾ?” ಅಂದಳು.

“ಉಡ್ದಾರ ಅದೆ” ಅಂದ ಮಾವ.

“ಅದನ್ನೂ ಬಿಚ್ಚಿ.”

ಮಾವ ಅವಳನ್ನು ಮೇಲಿಂದ ಕೆಳಗೆ ನೋಡಿದ. “ಬೆಳ್ಳಿ ಉಡ್ದಾರ ಕಣವ್ವ. ಮದ್ವೇಲಿ ನಮ್ಮಪ್ಪ ಕಟ್ಟಿದ್ದು.”

“ಬೆಳ್ಳಿಯಾದರೂ ಲೋಹವೇ ಅಲ್ವಾ, ಬಿಚ್ಚಬೇಕು.”

“ಗಂಡ್ಸು ಉಡ್ದಾರ ಬಿಚ್ಚೋದು ಒಂದೇ ಸಲ. ಆವಾಗ ನೋಡಾಕೆ ನಾನು ಇರಾಕಿಲ್ಲ.”

ಅಲ್ಲಿ ಕಾಯುತ್ತ ಕೂತಿದ್ದ ಮದ್ದೂರು ಸುತ್ತಿನ ಯಜಮಾನರೆಲ್ಲ ‘ಊಂ ಮತ್ತೆ, ಸರಿಯಾಗಿ ಏಳ್ದ’ ಎಂದು ತಲೆದೂಗಿದರು. ಹೆಣಕ್ಕೆ ಮಾತ್ರ ಉಡುದಾರ ಕತ್ತರಿಸುವುದು, ಬದುಕಿರುವವನ ಸೊಂಟ ಬರಿದಾಗಬಾರದು. ಇದು ಆ ಹುಡುಗಿಗೆ ಗೊತ್ತಿಲ್ಲ. ಅವಳು ನನ್ನ ಮುಖ ನೋಡಿದಳು. ನಾನೇನು ಹೇಳಲಿ? ನನ್ನ ಸೊಂಟದಲ್ಲೂ ಒಂದು ಇದೆ.

“ಹಾಗಾದರೆ ಸ್ಕ್ಯಾನ್ ಆಗಲ್ಲ” ಅಂದಳು. ಸ್ಕ್ಯಾನ್ ಆಗದಿದ್ದರೆ ಒಪ್ಪಿಗೆ ಇಲ್ಲ, ಒಪ್ಪಿಗೆ ಇಲ್ಲದಿದ್ದರೆ ಆಪರೇಷನ್ ಇಲ್ಲ, ಕುರಿ ವ್ಯಾಪಾರಿಯ ಕೈ ಮತ್ತೆ ಕುರಿಗಳ ಬೆನ್ನ ಮೇಲೆ. 

ಉಪಾಯ ಹೊಳೆದದ್ದು ಅತ್ತೆಗೆ. “ಮೊದ್ಲು ಕಪ್ಪು ದಾರ ಕಟ್ಬುಡವ. ಆಮ್ಯಾಕೆ ಬೆಳ್ಳಿದು ಬಿಚ್ಚವ. ಸೊಂಟ ಬರಿದಾಗಾಕಿಲ್ಲ” ಅಂದಳು. ಯಜಮಾನರೆಲ್ಲ ಇದನ್ನೂ ವಿಚಾರ ಮಾಡಿ, ‘ಆಗಬೌದು’ ಎಂದು ಒಪ್ಪಿಗೆ ಕೊಟ್ಟರು. ವಿಮೆಯವರ ಒಪ್ಪಿಗೆಗಿಂತ ಮುಂಚೆ ಸಿಕ್ಕ ಒಪ್ಪಿಗೆ ಇದೊಂದೇ.

ನಾನು ಎದುರಿನ ಅಂಗಡಿಗೆ ಓಡಿದೆ. “ಉಡುದಾರಕ್ಕೆ ಕಪ್ಪು ದಾರ ಕೊಡಿ.”

ಅಂಗಡಿಯವನು ಮೃದುವಾಗಿ ನಕ್ಕ. “ಮಗುಗಾ ಸಾರ್? ಎಷ್ಟು ತಿಂಗಳು?”

ನಾನು ಎರಡೂ ಕೈಗಳನ್ನು ದುಂಡಗೆ ಮಾಡಿ ಅಳತೆ ತೋರಿಸಿದೆ. ಅವನ ನಗು ನಿಂತಿತು. ಇಡೀ ಉಂಡೆಯನ್ನೇ ಕೊಟ್ಟ.

ಸ್ಕ್ಯಾನ್ ಆಯಿತು. ಮುಂದಿನ ವಾರ ಡ್ಯೂಟಿಯ ಮೇಲೆ ಅದೇ ದಾರಿಯಲ್ಲಿ ಹೋಗುವಾಗ ಬಸ್ಸಿನಿಂದ ತಲೆ ಹೊರಗೆ ಹಾಕಿ ನೋಡಿದೆ. ಆ ಅಂಗಡಿಯ ಮುಂದೆ ಕಪ್ಪು ದಾರದ ಗೊಂಚಲು ನೇತಾಡುತ್ತಿತ್ತು. ಕೆಳಗೆ ರಟ್ಟಿನ ಬೋರ್ಡು: ‘ಇಲ್ಲಿ ಸ್ಕ್ಯಾನಿಂಗ್ ಉಡುದಾರ ದೊರೆಯುತ್ತದೆ.’

ಊಟ ತಿಂಡಿ ಸೇರಿ

ಮಂಡ್ಯದ ಆಸ್ಪತ್ರೆಯೊಂದರಲ್ಲಿ ಆಪರೇಷನ್ ಎಂದು ಗೊತ್ತಾಯಿತು. ಅಲ್ಲಿ ವಿಮೆಗೇ ಒಂದು ಪ್ರತ್ಯೇಕ ಕೌಂಟರು. ಅದರ ಹಿಂದೆ ಒಬ್ಬರು ಮೇಡಂ. ಅತ್ತೆ ಮಾತು ಶುರು ಮಾಡುವ ಕ್ರಮ ಒಂದೇ.

“ಯಾವೂರವ್ವ ನಿಂದು?”

“ಬಸರಾಳು ಅಜ್ಜಿ.”

“ಯಾರ ಮಗ್ಳು?”

ಅವರು ಹೇಳಿದರು. ಅತ್ತೆಗೆ ಗೊತ್ತಿರಲಿಲ್ಲ, ಆದರೂ “ಓ ಅವ್ರಾ” ಅಂದಳು. ಅಲ್ಲಿಗೆ ಇಬ್ಬರೂ ಹತ್ತಿರದವರಾದರು. ಮೇಡಂ ನಮ್ಮ ಕಾಗದ ನೋಡಿ, “ಯೋಚನೆ ಮಾಡಬೇಡಿ. ಇದು ಪ್ಯಾಕೇಜಲ್ಲಿ ಬರುತ್ತೆ” ಎಂದರು.

ಪ್ಯಾಕೇಜು ಅಂದ ಕೂಡಲೇ ಮಾವನ ಕಿವಿ ನೆಟ್ಟಗಾಯಿತು. ಊರಿನಲ್ಲಿ ವರ್ಷಕ್ಕೊಂದು ಸಲ ಯಾರಾದರೂ ತಿರುಪತಿ ಪ್ಯಾಕೇಜು ಮಾಡುತ್ತಾರೆ. ಪ್ಯಾಕೇಜಿನಲ್ಲಿ ಏನು ಕೇಳಬೇಕೆಂದು ಅವನಿಗೆ ಚೆನ್ನಾಗಿ ಗೊತ್ತು.

“ಊಟ ತಿಂಡಿ ಸೇರ್ತದಾ?”

“ಸೇರುತ್ತೆ.”

“ಮಲಗಾಕೆ?”

“ಮಂಚ, ಹಾಸಿಗೆ ಎಲ್ಲ ಕೊಡ್ತೀವಿ.”

“ದರ್ಸನ?”

ಮೇಡಂ ಒಂದು ಕ್ಷಣ ಪೆನ್ನು ನಿಲ್ಲಿಸಿದರು. “ಬೆಳಿಗ್ಗೆ ಒಂದು ಸಲ ಡಾಕ್ಟರು ಬರ್ತಾರೆ.”

“ಒಂದೇ ಸಲವಾ?” ಅಂದ ಮಾವ. “ತಿರುಪ್ತೀಲೂ ಅಂಗೇ ಬುಡು. ನೋಡೋವಷ್ಟ್ರಲ್ಲಿ ಮುಂದಕ್ಕೆ ತಳ್ಬುಡ್ತಾರೆ.”

ಇಷ್ಟು ಹೊತ್ತು ಲೆಕ್ಕ ಹಾಕುತ್ತ ನಿಂತಿದ್ದ ಅತ್ತೆ ಮುಂದೆ ಬಗ್ಗಿದಳು. “ಅಂಗಾರೆ ಇವ್ರ ಪಕ್ಕದಲ್ಲಿ ನಂದೂ ಒಂದ್ ಸೀಟು ಆಕ್ಬುಡವ್ವ. ಕಿಟಕಿ ಕಡೆದು.”

ಜಂತುಹುಳದ ಔಷಧಿ

ಸ್ಕ್ಯಾನಿಂಗಿನ ದುಡ್ಡು ವಾಪಸ್ ಬರಬೇಕಾದರೆ ಬಿಲ್ಲು ಕೊಡಬೇಕಿತ್ತು. ‘ಬಿಲ್ಲೆಲ್ಲ ಜೋಪಾನವಾಗಿ ಮಡಗು’ ಎಂದು ನಾನು ಅತ್ತೆಗೆ ಹೇಳಿದ್ದೇ ತಪ್ಪಾಯಿತು. ಅತ್ತೆ ಮಾತು ಮೀರುವವಳಲ್ಲ. ಮುಂದಿನ ಸಲ ಮಂಡ್ಯಕ್ಕೆ ಬಂದಾಗ ನನ್ನ ಹೆಂಡತಿಯೂ ಜೊತೆಗಿದ್ದಳು. ಅತ್ತೆಯ ಕೈಯಲ್ಲಿ ಉಬ್ಬಿದ ಬಟ್ಟೆ ಚೀಲ. ಕೌಂಟರಿನ ಮೇಲೆ ತಲೆಕೆಳಗಾಗಿ ಸುರಿದಳು.

ಬಸರಾಳು ಮೇಡಂ ತಾಳ್ಮೆಯಿಂದ ಒಂದೊಂದೇ ಬಿಡಿಸಿದರು. ಕರೆಂಟ್ ಬಿಲ್ಲು. ಗ್ಯಾಸ್ ಬಿಲ್ಲು. ಹೆಂಡತಿಯ ಸೀರೆಗೆ ಫಾಲ್ ಹೊಲಿಸಿದ ಚೀಟಿ. ನನ್ನದೇ ಬಸ್ಸಿನ ಒಂದು ಕಂತೆ ಟಿಕೆಟ್ಟು. ಸ್ಕ್ಯಾನಿಂಗಿನ ಬಿಲ್ಲೂ ಸಿಕ್ಕಿತು, ಅರಿಸಿನ ಮೆತ್ತಿಕೊಂಡು. ಅಮ್ಮಯ್ಯ ಎಂದುಕೊಂಡೆ. ಅಷ್ಟರಲ್ಲಿ ಮೇಡಂ ಇನ್ನೊಂದು ಬಿಲ್ಲು ಎತ್ತಿ ಓದಿ, ಮಾವನನ್ನು ನೋಡಿ, ಮತ್ತೆ ಓದಿದರು. ಅವರ ಮುಖ ಬದಲಾಯಿತು.

“ಅಜ್ಜಿ, ಇದು ಜಂತುಹುಳದ ಔಷಧಿ.”

“ಊಂ ಕಣವ್ವ.”

“ಇಷ್ಟೊಂದು ಬಾಟಲಿ ಕುಡಿಸಿದ್ರಾ?”

“ಇನ್ನೇನ್ ಮಾಡವ. ಕುಡೀರಪ್ಪ ಅಂದ್ರೆ ಕುಡಿದಾವಾ? ಕಾಲಲ್ಲಿ ಅದುಮ್ಕೊಂಡು, ಬಾಯಿ ಅಗಲಿಸಿ ಉಯ್ದೊ. ಒಂದೆರಡು ನನ್ ಸೀರೆ ಮೇಲೇ ಉಗುಳ್ಬುಟ್ವು.”

ಮೇಡಂ ಗಾಬರಿಯಿಂದ ಮಾವನ ಕಡೆ ತಿರುಗಿದರು. “ಇವರನ್ನಾ?”

“ಅಯ್ಯೋ, ಕುರಿಗಳ್ನ ಕಣವ್ವ!”

ಸಾಲಿನಲ್ಲಿ ನಿಂತವರೆಲ್ಲ ಗೊಳ್ಳೆಂದರು. ಮೇಡಂ ಆ ಬಿಲ್ಲನ್ನು ಮಡಿಸಿ ವಾಪಸ್ ಕೊಟ್ಟರು. “ಅಜ್ಜಿ, ಇದು ಮೇಲಿನವರ ಕಣ್ಣಿಗೆ ಬಿದ್ದರೆ ನಿಮ್ಮ ಇಡೀ ಕೇಸೇ ತಿರುಗಿ ಬರುತ್ತೆ. ರೇಷನ್ ಕಾರ್ಡಲ್ಲಿ ಹೆಸರಿದ್ದವರಿಗೆ ಮಾತ್ರ ಕೊಡೋದು. ಕುರಿಗಳ ಹೆಸರು ಅದರಲ್ಲಿ ಇಲ್ವಲ್ಲ.”

 ಅತ್ತೆ ಪಕ್ಕದಲ್ಲೇ ನಿಂತಿದ್ದ ನನ್ನ ಹೆಂಡತಿಯ ಕಡೆ ಬೆರಳು ತೋರಿಸಿದಳು. “ಇವ್ಳು ಮದ್ವೆ ಆಗಿ ಓಗಿ ಏಸೊ ವರ್ಸ ಆಯ್ತು. ಎಸ್ರು ಇನ್ನೂ ನಮ್ ಕಾರ್ಡಲ್ಲೇ ಅದೆ. ಇವ್ಳುದ್ನ ತಗ್ದು ಕುರೀದು ಆಕ್ಬುಡವ್ವ.”

ನನ್ನ ಹೆಂಡತಿ ಆ ದಿನವೆಲ್ಲ ಅವ್ವನ ಜೊತೆ ಮಾತಾಡಲಿಲ್ಲ.

ಮೂಳೆ ಯಾರಿಗೆ

ಇನ್ನು ಉಳಿದದ್ದು ಒಂದೇ. ಮಾವ ಬಂದು ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತಬೇಕು, ಇವನೇ ಅವನು ಎಂದು ಯಂತ್ರ ಒಪ್ಪಬೇಕು, ಮೇಡಂ ಮೇಲಕ್ಕೆ ಕಳಿಸಬೇಕು. ಕೀಲು ಹಾಕುವ ದೊಡ್ಡ ಡಾಕ್ಟರು ಮೈಸೂರಿನಿಂದ ಮಾರನೆಯ ದಿನ ಬರುವವರಿದ್ದರು. ಆ ದಿನ ತಪ್ಪಿದರೆ ಮತ್ತೆ ಯಾವ ತಿಂಗಳೋ ಗೊತ್ತಿಲ್ಲ. ಸಾಲದ್ದಕ್ಕೆ ಮಾವ ಆ ಕುರಿ ವ್ಯಾಪಾರಿಗೆ ಮಾತು ಕೊಟ್ಟುಬಿಟ್ಟಿದ್ದ: ಈ ಸಲ ಆಪರೇಷನ್ ಆಗದಿದ್ದರೆ ವಾರದ ಕೊನೆಗೆ ಗಾಡಿ ತಂದು ಎಲ್ಲವನ್ನೂ ಹಿಡಿದುಕೊಂಡು ಹೋಗು ಎಂದು. ಅತ್ತೆ ಹಿಂದಿನ ದಿನದಿಂದ ಅನ್ನ ಮುಟ್ಟಿರಲಿಲ್ಲ.

ಮಾವ ಹೆಬ್ಬೆಟ್ಟು ಒತ್ತಿದ. ಯಂತ್ರ ಕೆಂಪು ದೀಪ ತೋರಿಸಿತು. ಒರೆಸಿ ಒತ್ತಿದ, ತೊಳೆದು ಒತ್ತಿದ, ಎಡಗೈಯದು ಒತ್ತಿದ. ಕೆಂಪು. ಎಷ್ಟೋ ವರ್ಷದಿಂದ ಹಗ್ಗ ಎಳೆದೂ ಎಳೆದೂ ಗೆರೆಯೆಲ್ಲ ಸವೆದುಹೋಗಿದ್ದವು.

“ಸೊಸೈಟಿ ಸಾಲ ಕೊಡೋವಾಗ ಇದೇ ಎಬ್ಬೆಟ್ಟು ನೆಟ್ಟಗಿತ್ತು” ಎಂದು ಮಾವ ಗೊಣಗಿದ.

“ಪರವಾಗಿಲ್ಲ, ಓಟಿಪಿ ತರಿಸೋಣ” ಅಂದರು ಮೇಡಂ. “ಆಧಾರಿಗೆ ಸೇರಿಸಿರೋ ಫೋನಿಗೆ ಒಂದು ನಂಬರ್ ಬರುತ್ತೆ. ಅದನ್ನ ಹೇಳಿದರೆ ಮುಗೀತು. ಬೇಗ ಹೇಳಬೇಕು, ಹೊತ್ತಾದರೆ ನಡೆಯಲ್ಲ.”

ಗುಂಡಿ ಒತ್ತಿದರು. ನನ್ನ ಫೋನು ಸುಮ್ಮನಿತ್ತು. ಅತ್ತೆಯ ಫೋನೂ ಸುಮ್ಮನಿತ್ತು. ಆಗ ಅತ್ತೆ ಎದೆ ಮೇಲೆ ಕೈಯಿಟ್ಟುಕೊಂಡಳು. “ಅಯ್ಯೋ ದೇವ್ರೇ, ಆಧಾರ್ ಮಾಡ್ಸಕ್ಕೆ ದೊಡ್ಡಳಿಯ ಕರ್ಕಂಡು ಓಗಿದ್ರು. ಅವ್ರ ನಂಬ್ರೇ ಕೊಟ್ಟವ್ರೆ!”

 ಈ ದೊಡ್ಡಳಿಯ ಅಂದರೆ ನನ್ನ ಷಡ್ಡಕ, ನನ್ನ ಹೆಂಡತಿಯ ಅಕ್ಕನ ಗಂಡ. ಮದ್ದೂರಿನ ಎಳನೀರು ಮಂಡಿಯಲ್ಲಿ ವ್ಯಾಪಾರ. ಒಳ್ಳೆಯ ಮನುಷ್ಯ. ಆದರೆ ಯುಗಾದಿಯಾದಾಗಿನಿಂದ ಮಾವನ ಮನೆ ಹೊಸಿಲು ತುಳಿದಿರಲಿಲ್ಲ, ಯಾರ ಜೊತೆಯೂ ಮಾತಿರಲಿಲ್ಲ. ಕಾರಣ, ನಲ್ಲಿ ಮೂಳೆ.

ಯುಗಾದಿಯ ಮಾರನೆಯ ದಿನ ಹೊಸತೊಡಕು. ಅವತ್ತು ನಮ್ಮ ಕಡೆ ಎಲ್ಲರ ಮನೆಯಲ್ಲೂ ಮಾಂಸದ ಊಟ. ಸಾರಿನ ಪಾತ್ರೆಯಲ್ಲಿ ಇರುವ ಒಳ್ಳೆಯ ನಲ್ಲಿ ಮೂಳೆ, ಒಳಗೆ ಮಜ್ಜೆ ತುಂಬಿಕೊಂಡಿರುವುದು, ಮೊದಲು ದೊಡ್ಡಳಿಯನ ಎಲೆಗೆ ಬೀಳಬೇಕು. ಇದನ್ನು ಯಾರೂ ಬರೆದಿಟ್ಟಿಲ್ಲ, ಯಾರೂ ಮೀರುವುದೂ ಇಲ್ಲ. ಈ ಸಲ ಮಾವ, ಆಗಿನ್ನೂ ಕುಂಟುತ್ತ ಓಡಾಡುತ್ತಿದ್ದ, ಬಡಿಸುತ್ತ ಬಂದವನು ಅದನ್ನು ಎತ್ತಿ ನನ್ನ ಎಲೆಗೆ ಹಾಕಿದ. ನಾನು ಕೇಳಿರಲಿಲ್ಲ. ಬಂದದ್ದನ್ನು ಬಿಡಲೂ ಇಲ್ಲ. ದೊಡ್ಡಳಿಯ ತುತ್ತು ಎತ್ತಿದವನು ಕೆಳಗಿಟ್ಟು, ಎಲೆ ಮಡಿಸಿ, ಕೈ ತೊಳೆದು ಬೈಕು ಹತ್ತಿದ. ನನ್ನ ನಂಬರನ್ನು ಬ್ಲಾಕ್ ಮಾಡಿದ.

ಈಗ ಮಾವನ ಕಾಲು, ಅತ್ತೆಯ ಊಟ, ಕುರಿಗಳ ಗತಿ ಎಲ್ಲ ಅವನ ಜೇಬಿನಲ್ಲಿ ಕೂತಿತ್ತು.

ಅತ್ತೆ ಫೋನು ಹಚ್ಚಿದಳು. ಅವಳಿಗೆ ಕಿವಿ ಮಂದ, ಫೋನು ಯಾವಾಗಲೂ ಸ್ಪೀಕರಿನಲ್ಲೇ. ಆ ಕಡೆ ಲಾರಿಯ ಸದ್ದು, ಎಳನೀರು ಎಸೆಯುವ 'ಧಡ್ ಧಡ್'.

“ಅಳಿಯಂದ್ರೇ, ನಿಮ್ ಫೋನ್ಗೆ ಒಂದ್ ನಂಬ್ರು ಬಂದದಂತೆ. ಒಸಿ ಏಳಿ.”

“ಓಟಿಪಿ ಯಾರ್ಗೂ ಏಳ್ಬೇಡಿ ಅಂತ ಟಿವೀಲಿ ದಿನಾ ಬಡ್ಕೋತಾವ್ರೆ ಅತ್ತೆ.”

“ನಿಮ್ ಮಾವನ್ ಸೊಂಟಕ್ಕೆ ಕಣಪ್ಪಾ.”

“ಮೂಳೆ ಇಸ್ಕೊಂಡೋನು ಅಲ್ಲೇ ಅವ್ನಲ್ಲ, ಅವ್ನೇ ಕೊಡ್ಲಿ ನಂಬ್ರ!”

ಕೌಂಟರಿನ ಮುಂದೆ ನಿಂತಿದ್ದ ಸಾಲು ಮುರಿದು ನಮ್ಮ ಸುತ್ತ ಗುಂಪಾಯಿತು. ಒಬ್ಬ ಹಿರಿಯ, “ಯಾವ ಮೂಳೆ?” ಅಂದ. ಅತ್ತೆ, “ನಲ್ಲಿ ಮೂಳೆ ಕಣಪ್ಪ, ಒಸ್ತೊಡ್ಕಿಂದು. ದೊಡ್ಡಳಿಯನ್ ಬುಟ್ಟು ಇವ್ರಿಗೆ ಆಕ್ಬುಟ್ರು” ಎಂದಳು. ಹಿರಿಯ ನನ್ನನ್ನು ದುರುಗುಟ್ಟಿ ನೋಡಿದ. “ದೊಡ್ಡಳಿಯ ಇರೋವಾಗ ನೀನು ತಿಂದಿದ್ದು ತಪ್ಪು ಕಣಪ್ಪ.” ಇನ್ನೊಬ್ಬ ಹೆಂಗಸು, “ತಿಂದೋನ್ದೇನ್ ತಪ್ಪು, ಆಕ್ದೋನ್ದು ತಪ್ಪು” ಅಂದಳು. ಆಸ್ಪತ್ರೆಯಲ್ಲೇ ಪಂಚಾಯಿತಿ ಕೂತಿತು. ಮೇಡಂ ಫೋನಿನ ಹತ್ತಿರ ಬಗ್ಗಿ, “ಸಾರ್, ನಾನು ವಿಮೆ ಕೌಂಟರಿಂದ ಮಾತಾಡ್ತಿರೋದು, ದಯವಿಟ್ಟು ನಂಬರ್ ಹೇಳಿ” ಎಂದರು.

“ನೀವೇ ಏಳಿ ಮೇಡಂ, ನಲ್ಲಿ ಮೂಳೆ ಯಾರ್ಗೆ ಆಕ್ಬೇಕು?”

ಮೇಡಂ ಒಂದು ಕ್ಷಣವೂ ತಡೆಯಲಿಲ್ಲ. “ದೊಡ್ಡಳಿಯಂಗೇ ಸಾರ್. ಅದರಲ್ಲಿ ಎರಡು ಮಾತಿಲ್ಲ.” ಅಷ್ಟರಲ್ಲಿ ಮೊದಲನೆಯ ಓಟಿಪಿಯ ಹೊತ್ತು ಮೀರಿತ್ತು.

ಮತ್ತೊಂದು ಕಳಿಸಿದರು. “ಮಾವ ಬಾಯ್ಬುಟ್ಟು ಏಳ್ಲಿ, ಯಾಕೆ ನಂಗೆ ಆಕ್ಲಿಲ್ಲ ಅಂತ. ಆಮ್ಯಾಕೆ ಕೊಡ್ತೀನಿ” ಅಂದ ದೊಡ್ಡಳಿಯ.

ಎಲ್ಲರೂ ಮಾವನ ಕಡೆ ತಿರುಗಿದರು. ಅವನು ಗಾಲಿಕುರ್ಚಿಯಲ್ಲಿ ತಲೆ ತಗ್ಗಿಸಿ ಕೂತಿದ್ದ. ನನಗೆ ಗೊತ್ತು, ಸೊಂಟ ಹೋದರೂ ಸೊಕ್ಕು ಹೋಗುವ ಮನುಷ್ಯನಲ್ಲ. ಎಲ್ಲ ಮುಗಿಯಿತು ಎಂದುಕೊಂಡೆ.

“ಅಳಿಮಯ್ಯ” ಅಂದ ಮಾವ, ಸಣ್ಣ ದನಿಯಲ್ಲಿ. “ನಿನ್ ಅಲ್ಲು ಅಲ್ಲಾಡ್ತದೆ, ಗಟ್ಟಿದು ಕಡಿಯಾಕಾಗಾಕಿಲ್ಲ ಅಂತ ನಿನ್ ಎಂಡ್ರು ಏಳಿದ್ಲು ಕಣಪ್ಪ. ನಲ್ಲಿ ಮೂಳೆ ಕಡ್ದು ಅಲ್ಲು ಗಿಲ್ಲು ಓಗ್ಬುಟ್ಟಾತು ಅಂತ ಲಿವರ್ರೆಲ್ಲ ತಗ್ದು ಬ್ಯಾರೆ ಮಡಗಿದ್ದೆ. ಅದ್ನ ತರೋವಷ್ಟ್ರಲ್ಲಿ ನೀನು ಎದ್ದು ಒಂಟೋದೆ.”

ಆ ಕಡೆ ಎಳನೀರು ಎಸೆಯುವ ಸದ್ದೂ ನಿಂತಿತು. ನನಗೆ ಕಣ್ಣು ತುಂಬಿ ಬಂತು. ಅತ್ತೆ ಸೆರಗಿನಲ್ಲಿ ಮೂಗು ಒರೆಸಿಕೊಂಡಳು.

ದೊಡ್ಡಳಿಯನ ದನಿ ಬಂತು: “ಏಳು.”

“ಏನ್ ಏಳ್ಲಿ ಕಣಪ್ಪ, ಎಲ್ಲಾ ಏಳ್ದ್‌ನಲ್ಲ” ಅಂದ ಮಾವ.

“ಅಲ್ಲ ಮಾವ. ಏಳು!”

“ಅದೇ, ಇನ್ನೇನ್ ಏಳ್ಬೇಕು ಏಳು!”

“ನಂಬ್ರು ಮಾವ! ಮೊದಲ್ನೇದು ಏಳು!”

“ಮೊದ್ಲಿಂದ ಏಳ್ಬೇಕಾ? ಆಯ್ತು ಕೇಳು. ಯುಗಾದಿ ಮಾರನೇ ದಿನ...”

ಎರಡನೆಯ ಓಟಿಪಿಯ ಹೊತ್ತೂ ಮೀರಿತು. ಮೇಡಂ ಹಣೆ ಚಚ್ಚಿಕೊಂಡರು. “ಇದೇ ಕೊನೆ ಸಲ. ಇದೂ ತಪ್ಪಿದರೆ ಇವತ್ತು ಯಂತ್ರ ತಗೊಳ್ಳಲ್ಲ. ಯಾರೂ ಬಾಯಿ ತೆಗೀಬೇಡಿ.”

ಗುಂಡಿ ಒತ್ತಿದರು.  ಟಿಣ್ ಎಂದಿತು. ನನ್ನ ಫೋನು! ಯುಗಾದಿಯಿಂದ ಮುಚ್ಚಿದ್ದ ಬಾಗಿಲು ತೆಗೆದು, ದೊಡ್ಡಳಿಯ ಆ ನಂಬರಿನ ಫೋಟೊ ನನಗೇ ಕಳಿಸಿದ್ದ. ಕೆಳಗೆ ಒಂದೇ ಮಾತು ಬರೆದಿದ್ದ: ‘ಬೇಗ ತೋರ್ಸು ಕಣ್ಲಾ.’

ಮೇಡಂ ನೋಡಿ ಟೈಪ್ ಮಾಡಿದರು. ಹಸಿರು ದೀಪ ಬಂತು. ಸಂಜೆಯ ಹೊತ್ತಿಗೆ ಒಪ್ಪಿಗೆಯೂ ಬಂತು. ಅತ್ತೆ ಅಲ್ಲೇ ಕ್ಯಾಂಟೀನಿನಲ್ಲಿ ಕೂತು ಹೊಟ್ಟೆ ತುಂಬ ಉಂಡಳು. ಅವಳು ಉಣ್ಣುವುದನ್ನು ನೋಡಿಯೇ ನನಗೆ ಅರ್ಧ ಹೊಟ್ಟೆ ತುಂಬಿತು.

ಮಾರನೆಯ ದಿನ ದೊಡ್ಡಳಿಯ ಒಂದು ಗೊನೆ ಎಳನೀರು ಹೊತ್ತುಕೊಂಡು ಬಂದ. ಆಪರೇಷನ್ ಕೋಣೆಯ ಮುಂದೆ ಅವನು ಬೆಂಚಿನ ಆ ತುದಿಯಲ್ಲಿ, ನಾನು ಈ ತುದಿಯಲ್ಲಿ. ಇನ್ನೂ ಮಾತು ಶುರುವಾಗಿರಲಿಲ್ಲ. ಬಾಗಿಲು ತೆರೆಯಿತು. ಡಾಕ್ಟರು ನಗುತ್ತ ಬಂದರು.

“ಚೆನ್ನಾಗಾಗಿದೆ. ನಾಳೆಯೇ ಎಬ್ಬಿಸಿ ನಿಲ್ಲಿಸ್ತೀವಿ.”

“ಕುರಿ ಇಂದೆ ಓಗ್ಬೌದಾ ಬುದ್ದಿ?” ಅತ್ತೆ ಕೇಳಿದಳು.

“ಕೆಲವು ತಿಂಗಳು ಕಳೀಲಿ, ಧಾರಾಳವಾಗಿ ಹೋಗಬಹುದು.”

ಅತ್ತೆ ಅಲ್ಲಿಂದಲೇ ವ್ಯಾಪಾರಿಗೆ ಫೋನು ಮಾಡಿದಳು, ಇಡೀ ವಾರ್ಡಿಗೆ ಕೇಳುವ ಹಾಗೆ: “ಗಾಡಿ ತರ್ಬೇಡ ಕಣಪ್ಪ. ಕುರಿ ಯಜಮಾನ್ರು ನಡ್ಕಂಡು ಬತ್ತಾವ್ರೆ.” ಫೋನು ಇಟ್ಟವಳೇ ಗೋಡೆಗೆ ಒರಗಿ ಅತ್ತಳು, ಅಳುತ್ತಲೇ ನಕ್ಕಳು. ನನ್ನ ಎದೆಯ ಮೇಲಿನ ಚಪ್ಪಡಿಯನ್ನೂ ಯಾರೋ ಎತ್ತಿ ಪಕ್ಕಕ್ಕಿಟ್ಟಂತಾಯಿತು.

ಹಿಂದೆಯೇ ಮಾವನನ್ನು ಗಾಲಿಮಂಚದಲ್ಲಿ ತಂದರು. ಬೆನ್ನಿಗೆ ಮಾತ್ರ ಇಂಜೆಕ್ಷನ್ ಕೊಟ್ಟಿದ್ದರಿಂದ ಅವನಿಗೆ ಎಚ್ಚರವಿತ್ತು. ಡಾಕ್ಟರು ಮನೆಯವರು ನೋಡಲಿ ಎಂದು ಒಂದು ಸ್ಟೀಲಿನ ಬಟ್ಟಲನ್ನು ಮುಂದೆ ಹಿಡಿದರು. ಒಳಗೆ ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದು, ದುಂಡಗೆ, ಸವೆದು ಒರಟಾದದ್ದು. “ಇದೇ ನೋಡಿ, ಇಷ್ಟು ದಿನ ಕಾಟ ಕೊಟ್ಟಿದ್ದು. ಇವರ ಸೊಂಟದ ಮೂಳೆ.”

ಮಾವ ಕತ್ತು ತಿರುಗಿಸಿ ಬಟ್ಟಲು ನೋಡಿದ. ಬೆಂಚಿನ ಎರಡು ತುದಿಗಳಲ್ಲಿ ಎದ್ದು ನಿಂತಿದ್ದ ನಮ್ಮಿಬ್ಬರನ್ನೂ ನೋಡಿದ. ಆಮೇಲೆ ಡಾಕ್ಟರಿಗೆ ಸ್ಪಷ್ಟವಾಗಿ ಹೇಳಿದ: “ದೊಡ್ಡಳಿಯಂಗೆ ಕೊಡಿ ಬುದ್ದಿ. ಈ ಸಲ ಮೂಳೆ ಅವ್ನಿಗೇಯ.”

ದೊಡ್ಡಳಿಯ ಬಟ್ಟಲಿಗೆ ಕೈಮುಗಿದು ಎರಡು ಹೆಜ್ಜೆ ಹಿಂದೆ ಸರಿದು, ಯುಗಾದಿಯಿಂದ ಈಚೆಗೆ ಮೊದಲ ಸಲ ನನ್ನ ಹೆಗಲ ಮೇಲೆ ಕೈಹಾಕಿ, ನನ್ನನ್ನು ಮುಂದಕ್ಕೆ ತಳ್ಳಿದ.

“ಚಿಕ್ಕೋನ್ಗೇ ಆಕ್ಬುಡಿ ಮಾವ. ನಂಗೇನೂ ಬೇಜಾರಿಲ್ಲ.”